ಇಂಗ್ಲೆಂಡಿನ ಹಳ್ಳಿ ಬಂಗಲೆ ಮೇಲೆ ಮೊಘಲ್ ಗುಮ್ಮಟ ಹೇಗೆ ಬಂತು?

ಪ್ರಶ್ನೆ: ಇಂಗ್ಲೆಂಡಿನ ಒಂದು ಹಳೇ ಬಂಗಲೆಯ ಫೋಟೋ ನೋಡಿದೆ. ಮೇಲೆ ಹಸಿರು ಗುಮ್ಮಟ, ಮೂಲೆಗಳಲ್ಲಿ ಛತ್ರಿಯಂಥ ಪುಟ್ಟ ಮಂಟಪಗಳು, ತೋಟದಲ್ಲಿ ಬಸವಣ್ಣ ಬೇರೆ! ಇದು ನಿಜವಾದ ಮನೆಯಾ? ಇಲ್ಲಿಂದ ಶಿಲ್ಪಿಗಳನ್ನು ಕರೆದುಕೊಂಡು ಹೋಗಿ ಕಟ್ಟಿಸಿದ್ರಾ?

ನಿಜವಾದ ಮನೆಯೇ. ಹೆಸರು ಸೀಜಿನ್‌ಕೋಟ್. ಗ್ಲಾಸ್ಟರ್‌ಶೈರ್‌ನಲ್ಲಿ, ಮೋರ್ಟನ್-ಇನ್-ಮಾರ್ಶ್ ಅನ್ನೋ ಸಣ್ಣ ಊರಿನ ಹತ್ತಿರ ಇದೆ. ಸುತ್ತಲೂ ಕುರಿ ಮೇಯುವ ಗುಡ್ಡಗಳು, ಓಕ್ ಮರಗಳು, ಮೋಡ ಕವಿದ ಆಕಾಶ. ಅದರ ನಡುವೆ ಇದು.

ಇನ್ನು ಶಿಲ್ಪಿಗಳ ವಿಷಯ. ಇದರ ನಕ್ಷೆ ಹಾಕಿದವನು ಇಂಗ್ಲಿಷಿನವನು, ಅದೂ ಒಂದು ದಿನಕ್ಕೂ ಇಂಡಿಯಾ ಕಡೆ ತಲೆ ಹಾಕದವನು. ನಮ್ಮಲ್ಲಿಂದ ಹೋಗಿದ್ದು ಚಿತ್ರಗಳು. ಮತ್ತೆ ದುಡ್ಡು.

ದುಡ್ಡಿನಿಂದಲೇ ಶುರು ಮಾಡೋಣ. ಕಾಕರೆಲ್ ಅಂತ ಒಂದು ಮನೆತನ. ಡೈರಿ ಬರೆದು ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಇದ್ದಾನಲ್ಲ, ಅವನ ತಂಗಿಯ ಕಡೆಯಿಂದ ಬಂದ ವಂಶ. ಕರ್ನಲ್ ಜಾನ್ ಕಾಕರೆಲ್ ಬಂಗಾಳದಿಂದ ವಾಪಸ್ ಬಂದು 1795ರಲ್ಲಿ ಈ ಜಮೀನು ಕೊಂಡ. ಮೂರೇ ವರ್ಷದಲ್ಲಿ ತೀರಿಕೊಂಡ. ಆಸ್ತಿ ತಮ್ಮ ಚಾರ್ಲ್ಸ್ ಕೈಗೆ ಬಂತು. ಚಾರ್ಲ್ಸ್ ಕೂಡ ಈಸ್ಟ್ ಇಂಡಿಯಾ ಕಂಪನಿಯವನೇ. ಕಲ್ಕತ್ತೆಯಲ್ಲಿ ಅಂಚೆ ಇಲಾಖೆಯ ಮುಖ್ಯಸ್ಥನಾಗಿದ್ದ. ಸಂಬಳಕ್ಕಿಂತ ಜಾಸ್ತಿ ದುಡ್ಡು ಮಾಡಿದ್ದು ಏಜೆನ್ಸಿ ಹೌಸ್ ವ್ಯವಹಾರದಲ್ಲಿ. ಏಜೆನ್ಸಿ ಹೌಸ್ ಅಂದ್ರೆ ಹೀಗೆ: ಕಂಪನಿಯ ನೌಕರರು ಇಲ್ಲಿ ಖಾಸಗಿಯಾಗಿ ಗಂಟು ಮಾಡಿಕೊಳ್ತಿದ್ದರು, ಅದನ್ನ ಹಡಗಿನಲ್ಲಿ ಚೀಲ ಕಟ್ಟಿ ಒಯ್ಯೋಕಾಗಲ್ಲ, ಹಾಗಾಗಿ ಕಲ್ಕತ್ತೆಯಲ್ಲಿ ಕಟ್ಟಿಸಿಕೊಂಡು ಲಂಡನ್ನಿನಲ್ಲಿ ಕೊಡಿಸುವ ಮಂದಿ ಬೇಕಿತ್ತು, ನಮ್ಮ ಹುಂಡಿ ವ್ಯಾಪಾರದ ಥರವೇ.

ಹೀಗೆ ದುಡ್ಡು ಮಾಡಿಕೊಂಡು ಊರಿಗೆ ಮರಳಿದವರಿಗೆ ಅಲ್ಲಿನ ಜನ ‘ನಬಾಬ್’ ಅಂತ ಹೆಸರಿಟ್ಟಿದ್ದರು. ನಮ್ಮ ನವಾಬ ಅನ್ನೋ ಮಾತೇ. ಆದರೆ ಅದರಲ್ಲಿ ಮರ್ಯಾದೆ ಇರಲಿಲ್ಲ, ಕುಹಕ ಇತ್ತು. ಮರ್ಯಾದೆ ಬೇಕಂದ್ರೆ ಜಮೀನು ಬೇಕು, ಜಮೀನಿನ ನಡುವೆ ದೊಡ್ಡ ಮನೆ ಬೇಕು, ಆಮೇಲೆ ಪಾರ್ಲಿಮೆಂಟಿನಲ್ಲಿ ಸೀಟು ಬೇಕು. ಚಾರ್ಲ್ಸ್ ಮೂರನ್ನೂ ಮಾಡಿಕೊಂಡ. 1809ರಲ್ಲಿ ಬ್ಯಾರೊನೆಟ್ ಪದವಿ ಬಂದು ‘ಸರ್ ಚಾರ್ಲ್ಸ್’ ಕೂಡ ಆದ.

ವಿಚಿತ್ರ ಏನಪ್ಪಾ ಅಂದ್ರೆ, ಹಾಗೆ ವಾಪಸ್ ಬಂದವರಲ್ಲಿ ಹೆಚ್ಚಿನವರು ಅಲ್ಲಿನ ಜಮೀನ್ದಾರರ ಮನೆಗಳಂಥದ್ದೇ ಮನೆ ಕಟ್ಟಿಸಿ, ತಾವೂ ಹಳೇ ಕುಳ ಅನ್ನೋ ಥರ ಇರ್ತಿದ್ದರು. ಇಂಡಿಯಾದ ಗುರುತನ್ನ ಬಚ್ಚಿಡ್ತಿದ್ದರು ಅಂತಲೇ ಅನ್ನಿ. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮನೆ ಡೇಲ್ಸ್‌ಫರ್ಡ್ ಸೀಜಿನ್‌ಕೋಟ್‌ನಿಂದ ಕೆಲವೇ ಮೈಲಿ. ಅದರಲ್ಲೂ ಒಂದು ಗುಮ್ಮಟ ಇದೆ, ಆದರೆ ಅಳುಕುತ್ತಾ ಇಟ್ಟ ಹಾಗೆ. ಚಾರ್ಲ್ಸ್ ಮಾತ್ರ ಗುಮ್ಮಟವನ್ನ ನೆತ್ತಿ ಮೇಲೇ ಕೂರಿಸಿಬಿಟ್ಟ. ಎರಡೂ ಮನೆಗಳ ನಕ್ಷೆ ಹಾಕಿದವನು ಒಬ್ಬನೇ: ಚಾರ್ಲ್ಸ್‌ನ ಅಣ್ಣ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್. 1805ರ ಸುಮಾರಿಗೆ ಸೀಜಿನ್‌ಕೋಟ್ ಕೆಲಸ ಶುರುವಾಯಿತು.

ಇಂಡಿಯಾ ನೋಡದವನಿಗೆ ಮೊಘಲ್ ಕಮಾನು ಹೇಗೆ ಗೊತ್ತಾಯ್ತು? ಥಾಮಸ್ ಡೇನಿಯಲ್‌ನಿಂದ. ಈ ಚಿತ್ರಕಾರ ತನ್ನ ಅಣ್ಣನ ಮಗ ವಿಲಿಯಂ ಜೊತೆ 1786ರಲ್ಲಿ ಕಲ್ಕತ್ತೆಗೆ ಬಂದಿಳಿದು, ಏಳು ವರ್ಷ ದೇಶ ಸುತ್ತಿದ. ಕ್ಯಾಮೆರಾ ಅಬ್ಸ್ಕೂರ ಅನ್ನೋ ಪೆಟ್ಟಿಗೆ ಹಿಡಿದು, ಎದುರಿನ ಕಟ್ಟಡದ ಬಿಂಬ ಕಾಗದದ ಮೇಲೆ ಬೀಳಿಸಿಕೊಂಡು, ಗೆರೆ ಎಳೀತಾ ಹೋದರು. ಆ ಚಿತ್ರಗಳಲ್ಲಿ 144 ಅಚ್ಚಾದವು. ದೆಹಲಿ ಇರಲಿ, ‘ಮೈಸೂರು ಸೀಮೆಯ ಹೊಸೂರು’ ಅಂತಲೂ ಒಂದು ಚಿತ್ರ ಇದೆ. ಹೌದು, ನಮ್ಮ ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಸಿಗುವ ಹೊಸೂರೇ. ಆಗ ಮೈಸೂರಿಗೆ ಸೇರಿತ್ತು.

ಈಗ ಗೋಡೆ ಹತ್ತಿರ ಹೋಗಿ ನೋಡೋಣ. ಕಲ್ಲು ಅಲ್ಲಿನದೇ, ಜೇನುಬಣ್ಣದ ಸುಣ್ಣಕಲ್ಲು. ನಡುವಿನ ಗುಮ್ಮಟ ಈರುಳ್ಳಿ ಆಕಾರದ್ದು, ತಾಮ್ರದ ಹೊದಿಕೆ, ಕಿಲುಬು ಹಿಡಿದು ಹಸಿರಾಗಿದೆ. ಗೋಡೆಯ ತುದಿಯಲ್ಲಿ ಮುಂದಕ್ಕೆ ಚಾಚಿಕೊಂಡ ಕಲ್ಲಿನ ಅಂಚು ಕಾಣುತ್ತಲ್ಲ, ಅದು ಛಜ್ಜಾ. ನಮ್ಮ ಮೇಸ್ತ್ರಿಗಳು ಕಿಟಕಿ ಮೇಲೆ ‘ಸಜ್ಜಾ ಬಿಡೋಣ್ವಾ ಸಾರ್’ ಅಂತ ಕೇಳ್ತಾರಲ್ಲ, ಅದೇ. ಆಗ್ರಾದಲ್ಲಿ ಅದು ಉರಿಬಿಸಿಲು ತಡೆಯೋಕೆ ಇದ್ದದ್ದು. ಇಲ್ಲಿ ತಡೆಯೋಕೆ ಬಿಸಿಲೇ ಇಲ್ಲ, ಸುಮ್ನೆ ಅಂದಕ್ಕೆ ಇದೆ. ಪಕ್ಕದಿಂದ ಬಿಲ್ಲಿನ ಹಾಗೆ ಬಾಗಿಕೊಂಡು ಹೋಗುವ ಗಾಜಿನ ಮೊಗಸಾಲೆಯೊಂದಿದೆ, ಕಿತ್ತಳೆ ಗಿಡಗಳನ್ನ ಚಳಿಯಿಂದ ಕಾಪಾಡೋಕೆ. ಅದರ ಕಿಟಕಿಗಳ ನೆತ್ತಿ ನವಿಲು ಗರಿ ಬಿಚ್ಚಿದ ಹಾಗಿದೆ. ನನ್ನ ಪ್ರಕಾರ ಇಡೀ ಮನೆಯಲ್ಲಿ ಚೆಂದದ ಭಾಗ ಅಂದ್ರೆ ಅದೇ.

ಇಷ್ಟೆಲ್ಲ ನೋಡಿ ಒಳಗೆ ಕಾಲಿಟ್ಟರೆ? ಇಂಡಿಯಾ ಬಾಗಿಲಲ್ಲೇ ಮುಗೀತು! ಒಳಗಿರೋದು ಆ ಕಾಲದ ಯಾವುದೇ ಇಂಗ್ಲಿಷ್ ಬಂಗಲೆಯ ಹಾಗೆ ಗ್ರೀಕ್-ರೋಮನ್ ಶೈಲಿಯ ಕೋಣೆಗಳು, ದೊಡ್ಡ ಮೆಟ್ಟಿಲು, ಅಗ್ಗಿಷ್ಟಿಕೆ. ಅಂದರೆ ಶೇರ್ವಾನಿ ಹಾಕಿಕೊಂಡ ಇಂಗ್ಲಿಷ್ ಮನೆ ಇದು. ಚಿತ್ರ ನೋಡಿ ಕಟ್ಟಿದರೆ ಹೊರಗಿನ ರೂಪ ಸಿಗುತ್ತೆ, ಅಂಗಳ, ಜನಾನಾ, ಗಾಳಿ ಆಡುವ ಪಡಸಾಲೆ ಇವೆಲ್ಲ ಸಿಗಲ್ಲ. ಬೇಕಾಗಿಯೂ ಇರಲಿಲ್ಲ ಬಿಡಿ, ಅಲ್ಲಿನ ಚಳಿಗೆ ಆ ಕೋಣೆಗಳೇ ಸರಿ.

ತೋಟದ ಕಥೆ ಬೇರೆ. ಮನೆ ಮೊಘಲ್ ಆದರೆ ತೋಟ ಹಿಂದೂ. ಇದರಲ್ಲಿ ಡೇನಿಯಲ್ ಕೈವಾಡ ಜಾಸ್ತಿ. ಮೇಲುಗಡೆ ಒಂದು ಕೊಳ, ಅದರ ತಲೆಯಲ್ಲಿ ಸೂರ್ಯನ ಪುಟ್ಟ ಗುಡಿ. ನೀರು ಅಲ್ಲಿಂದ ಇಳಿದು ಸೇತುವೆಯ ಕೆಳಗೆ ಹರಿದು ಹಾವಿನ ಕೊಳ ಸೇರುತ್ತದೆ. ಸೇತುವೆಯ ಕಂಬಗಳು ಎಲಿಫೆಂಟಾ ಗುಹೆಯ ಕಂಬಗಳ ಮಾದರಿ. ಆ ಸೇತುವೆಯ ಕಟ್ಟೆ ಮೇಲೆ, ಕಾಲು ಮಡಚಿಕೊಂಡು, ಡುಬ್ಬ ಎತ್ತಿ ಕೂತಿವೆ ನಿಮ್ಮ ಫೋಟೋದ ಬಸವಗಳು. ಒಂದಲ್ಲ, ಹಲವು. ಬಸವ ಇದ್ದಾನೆ, ಗುಡಿ ಮಾತ್ರ ಸೂರ್ಯನದು! ನಮ್ಮ ಕಡೆ ಯಾವ ಪೂಜಾರಿಯೂ ಒಪ್ಪದ ಜೋಡಣೆ. ಆದರೆ ಇವನ್ನ ಎಲ್ಲಿ ಕೂರಿಸಬೇಕು ಅಂತ ಚರ್ಚೆ ನಡೆದಾಗ ಡೇನಿಯಲ್ ಚಾರ್ಲ್ಸ್‌ಗೆ ಬರೆದ ಪತ್ರವೊಂದಿದೆ. ದೇವತೆಗಳ ಶಿಲ್ಪಿ ವಿಶ್ವಕರ್ಮನೇ ಬಂದು ಇಣುಕಿದರೂ, ಬಸವಗಳು ಇರೋ ಕಡೆಯೇ ಇರಲಿ ಅಂತಾನೆ, ಅನ್ನೋ ಅರ್ಥದ ಮಾತು ಅದರಲ್ಲಿ. ಪರವಾಗಿಲ್ಲ, ವಿಶ್ವಕರ್ಮನ ಹೆಸರಾದರೂ ಗೊತ್ತಿತ್ತು ಮನುಷ್ಯನಿಗೆ.

ಈ ಶೈಲಿ ಅಲ್ಲಿ ಹರಡಲಿಲ್ಲ. ಯುವರಾಜ ಜಾರ್ಜ್ 1807ರಲ್ಲಿ ಇಲ್ಲಿಗೆ ಬಂದು ಮೆಚ್ಚಿಕೊಂಡ. ಆಮೇಲೆ 1815ರಿಂದ ವಾಸ್ತುಶಿಲ್ಪಿ ಜಾನ್ ನ್ಯಾಶ್ ಕೈಯಲ್ಲಿ ಬ್ರೈಟನ್‌ನ ಸಮುದ್ರ ತೀರದ ಅರಮನೆಯನ್ನ ಗುಮ್ಮಟಗಳಿಂದ ತುಂಬಿಸಿದ. ಅದು ಇದಕ್ಕಿಂತ ಎಷ್ಟೋ ಪ್ರಸಿದ್ಧ. ಆದರೆ ಯುವರಾಜನ ದುಂದುವೆಚ್ಚಕ್ಕೆ ಜನ ಬೈಯ್ಯುತ್ತಿದ್ದ ಕಾಲ ಅದು, ಅವನ ಮನೆ ಥರದ್ದು ನಮಗೂ ಇರಲಿ ಅನ್ನೋಕೆ ಯಾರು ಮುಂದೆ ಬರ್ತಾರೆ?

ಸೀಜಿನ್‌ಕೋಟ್ 1884ರಲ್ಲಿ ಕಾಕರೆಲ್ ಮನೆತನದ ಕೈಬಿಟ್ಟಿತು. 1944ರಲ್ಲಿ ಕೊಂಡ ಕ್ಲೈನ್‌ವರ್ಟ್ ಮನೆತನದವರು ಈಗಲೂ ಅಲ್ಲೇ ವಾಸ ಇದ್ದಾರೆ. ನೋಡೋಕೆ ಜನರನ್ನ ಬಿಡೋದು ಕೆಲವು ದಿನ ಮಾತ್ರ. ಹೋದರೆ ಮನೆಯ ದಕ್ಷಿಣಕ್ಕಿರುವ ತೋಟ ನೋಡಿ: ನೇರ ಕಾಲುವೆ, ಇಕ್ಕೆಲದಲ್ಲಿ ಸಾಲು ಮರ, ಅಚ್ಚ ಮೊಘಲ್ ಲೆಕ್ಕಾಚಾರ. ಬಂದವರು ಇದೇ ಎಲ್ಲಕ್ಕಿಂತ ಹಳೆಯದು ಅಂದುಕೊಳ್ಳಬಹುದು. ಅದನ್ನ ಮಾಡಿಸಿದ್ದು 1960ರ ದಶಕದಲ್ಲಿ, ಇಂಡಿಯಾ ಪ್ರವಾಸ ಮುಗಿಸಿ ಬಂದ ಮನೆಯೊಡತಿ. ತಾಜ್ ಮಹಲಿನ ಮುಂದಿರುವಂಥ ಸೈಪ್ರೆಸ್ ಬದಲು ಅವರು ನೆಟ್ಟಿದ್ದು ಐರ್ಲೆಂಡಿನ ಯೂ ಮರ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.