ಗಾಜು ಊದೋದಲ್ಲ ಕಷ್ಟ, ತಣಿಸೋದು

ಗಾಜು ಊದೋರು ಅಂದ್ರೆ ಕೆನ್ನೆ ಉಬ್ಬಿಸ್ಕೊಂಡು ಮೂರು ಹೊತ್ತೂ ಪೈಪ್ ಊದ್ತಾ ಇರ್ತಾರೆ ಅಂತ ನಮ್ಮ ತಲೇಲಿ ಕೂತಿದೆ. ಮೈಸೂರಿನ ಹೂಟಗಳ್ಳಿ ಕಡೆ ಒಂದು ಶೆಡ್ಡಲ್ಲಿ ಪರಿಚಯದವರೊಬ್ರು ಸಣ್ಣ ಗ್ಲಾಸ್ ಸ್ಟುಡಿಯೋ ನಡೆಸ್ತಾರೆ, ಅಲ್ಲಿ ನಿಂತು ನೋಡಿದ್ರೆ ಊದೋ ಕೆಲಸ ತೀರಾ ಕಮ್ಮಿ. ಫರ್ನೇಸಿಂದ ಪೈಪಿನ ತುದಿಗೆ ಗಾಜು ಸುತ್ಕೊಂಡು ಬಂದು, ಒಂದು ಪುಟ್ಟ ಉಸಿರು ಬಿಟ್ಟು, ತಕ್ಷಣ ಹೆಬ್ಬೆರಳಲ್ಲಿ ಪೈಪಿನ ಬಾಯಿ ಮುಚ್ಚಿಬಿಡ್ತಾರೆ. ಒಳಗೆ ಸಿಕ್ಕಾಕೊಂಡ ಗಾಳಿ ಬಿಸಿಗೆ ಹಿಗ್ಗಿ ತಾನೇ ಗುಳ್ಳೆ ಎಬ್ಬಿಸುತ್ತೆ. ಅಷ್ಟೇ.

ಗಾಜು ಅಂದ್ರೆ ಬಹುಪಾಲು ಮರಳು, ಅಂದ್ರೆ ಸಿಲಿಕಾ. ಬರೀ ಸಿಲಿಕಾ ಕರಗಿಸೋಕೆ 1700 ಡಿಗ್ರಿ ಸೆಲ್ಸಿಯಸ್ ಹತ್ರ ಬೇಕು, ಸಣ್ಣ ಶೆಡ್ಡಲ್ಲಿ ಆಗೋ ಮಾತಲ್ಲ, ಅದಕ್ಕೇ ಸೋಡಾ (ಸೋಡಾ ಆ್ಯಶ್ ಅನ್ನೋ ಪುಡಿ) ಬೆರೆಸಿ ಆ ಶಾಖ ಇಳಿಸ್ತಾರೆ, ಬರೀ ಸೋಡಾ ಹಾಕಿದ್ರೆ ನೀರಿಗೆ ಕರಗೋ ಗಾಜಾಗುತ್ತೆ ಅಂತ ಸುಣ್ಣಾನೂ ಸೇರಿಸ್ತಾರೆ. ಆಮೇಲೆ 1100 ಡಿಗ್ರಿ ಆಸುಪಾಸಲ್ಲಿ ಕೆಲಸ ನಡೆಯುತ್ತೆ. ಮಜಾ ಏನಂದ್ರೆ ಗಾಜಿಗೆ ಮಂಜುಗಡ್ಡೆ ಥರ ಇಂಥ ಡಿಗ್ರೀಲೇ ಕರಗಬೇಕು ಅನ್ನೋ ನಿಯಮ ಇಲ್ಲ, ಬಿಸಿ ಇಳಿದ ಹಾಗೆ ಗಟ್ಟಿಯಾಗ್ತಾ ಗಟ್ಟಿಯಾಗ್ತಾ ಹೋಗುತ್ತೆ. ಸಂಕ್ರಾಂತಿ ಸಕ್ಕರೆ ಅಚ್ಚನ್ನೂ ಲಾಲಿಪಾಪನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಸಕ್ಕರೆ ಪಾಕಾನೇ, ಆದ್ರೆ ಅಚ್ಚಲ್ಲಿ ಪಾಕ ಹರಳುಗಟ್ಟಿ ಬೆಳ್ಳಗಾಗಿದೆ, ಲಾಲಿಪಾಪಲ್ಲಿ ಹರಳಾಗೋಕೆ ಟೈಮೇ ಸಿಗದೆ ಆಚೆ ಕಡೆ ಕಾಣೋ ಹಾಗೆ ಉಳ್ಕೊಂಡಿದೆ. ವಿಜ್ಞಾನದ ಲೆಕ್ಕದಲ್ಲಿ ಲಾಲಿಪಾಪು ಗಾಜೇ!

ಆಕಾರ ಕೊಡೋ ಹದದಲ್ಲಿ ಗಾಜು ನೀರಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂದ ಇರುತ್ತೆ, ಆದ್ರೂ ಪೈಪ್ ತಿರುಗಿಸೋದು ನಿಲ್ಲಿಸಿದ್ರೆ ನೆಲದ ಕಡೆ ಜೋಲು ಬೀಳುತ್ತೆ. ಹಾಗಾಗಿ ಎಡಗೈ ತಿರುಗಿಸ್ತಾನೇ ಇರುತ್ತೆ, ಬಲಗೈಲಿ ಮಡಚಿ ನೆನೆಸಿದ ಹಳೇ ನ್ಯೂಸ್‌ಪೇಪರ್, ಅದನ್ನೇ ಕೆಂಡದಂಥ ಗಾಜಿನ ಕೆಳಗೆ ಹಿಡಿದು ದುಂಡಗೆ ಮಾಡ್ತಾರೆ. ಗ್ಲೌಸ್ ಇಲ್ಲ! ಪೇಪರಲ್ಲಿರೋ ನೀರು ಆವಿಯಾಗಿ ಮಧ್ಯೆ ಒಂದು ತೆಳು ಪದರ ಆಗುತ್ತೆ, ಬಿಸಿ ಕೈ ತನಕ ಅಷ್ಟು ಬೇಗ ಬರಲ್ಲ. ಪೇಪರ್ ಮೇಲ್ಮೈ ಕರ್ರಗಾಗುತ್ತೆ, ಹೊಗೆ ವಾಸನೆ ಬರುತ್ತೆ, ಪಕ್ಕದಲ್ಲಿರೋ ಹುಡುಗ ಇನ್ನಷ್ಟು ನೀರು ಚಿಮುಕಿಸ್ತಾನೆ. ಇನ್ನೊಂದು ವಿಷ್ಯ, ಗುಳ್ಳೆ ಎಲ್ಲಿ ತೆಳ್ಳಗಾಗುತ್ತೋ ಅಲ್ಲಿ ಬೇಗ ಆರಿ ಬಿಗಿಯಾಗುತ್ತೆ, ಆಗ ದಪ್ಪ ಇರೋ ಕಡೆ ಹಿಗ್ಗೋಕೆ ಶುರು, ಅಂದ್ರೆ ಗೋಡೆ ಸಮ ಮಾಡೋ ಕೆಲಸದಲ್ಲಿ ಅರ್ಧ ಗಾಜೇ ಮಾಡ್ಕೊಳ್ಳುತ್ತೆ.

ಈಗ ಅಸಲಿ ತಲೆನೋವು. ಹೂದಾನಿ ರೆಡಿ ಅಂತ ಹಾಗೇ ಮೇಜಿನ ಮೇಲಿಟ್ರೆ ಸ್ವಲ್ಪ ಹೊತ್ತಲ್ಲೇ ಟಪ್ ಅನ್ನುತ್ತೆ. ಹೊರಗಿನ ಪದರ ಮೊದಲು ಆರಿ ಗಟ್ಟಿಯಾಗಿರುತ್ತೆ, ಒಳಗಿಂದು ಆಮೇಲೆ ಆರ್ತಾ ಕುಗ್ಗೋಕೆ ನೋಡುತ್ತೆ, ಹೊರಗಿಂದು ಬಿಡಲ್ಲ, ಈ ಜಗ್ಗಾಟ ಗಾಜೊಳಗೇ ಉಳ್ಕೊಂಡುಬಿಡುತ್ತೆ. 17ನೇ ಶತಮಾನದಲ್ಲಿ ಪ್ರಿನ್ಸ್ ರೂಪರ್ಟ್ ಅನ್ನೋನು ಇಂಗ್ಲೆಂಡಿನ ರಾಜನಿಗೆ ಬಾಲ ಇರೋ ಗಾಜಿನ ಹನಿ ತೋರಿಸಿದ್ದ, ಕರಗಿದ ಗಾಜನ್ನ ನೀರಿಗೆ ಬಿಟ್ಟು ಮಾಡೋದು ಅದು, ತಲೆಗೆ ಸುತ್ತಿಗೇಲಿ ಹೊಡೆದ್ರೂ ತಡ್ಕೊಳ್ಳುತ್ತೆ, ಬಾಲ ಮುರಿದ್ರೆ ಇಡೀ ಹನಿ ಪುಡಿಪುಡಿ. ಜಗ್ಗಾಟ ಅಂದ್ರೆ ಅದೇ. ಅದು ಬೇಡ ಅಂದ್ರೆ ಮಾಲನ್ನ 500 ಡಿಗ್ರಿ ಆಸುಪಾಸಿನ ಎಲೆಕ್ಟ್ರಿಕ್ ಗೂಡಲ್ಲಿಟ್ಟು ರಾತ್ರಿಯೆಲ್ಲಾ ನಿಧಾನಕ್ಕೆ ಇಳಿಸಬೇಕು. ಮಳೆ ಬಂದು ಕರೆಂಟ್ ಹೋದ್ರೆ? "ಬಾಗಿಲು ತೆಗೀಬಾರದು ಸಾರ್, ಅಷ್ಟೇ" ಅಂತಾರೆ ಅವರು, ಗೂಡಿನ ಗೋಡೆ ದಪ್ಪ ಇದ್ರೆ ಸ್ವಲ್ಪ ಹೊತ್ತು ಬಿಸಿ ಹಿಡ್ಕೊಳ್ಳುತ್ತೆ.

ಕರಗಿಸೋ ಫರ್ನೇಸಂತೂ ದಿನಾ ಆರಿಸಿ ಹಚ್ಚೋ ಹಾಗೇ ಇಲ್ಲ, ಒಳಗಿನ ಮಡಕೆ ಬಿರುಕು ಬಿಡುತ್ತೆ, ಹಾಗಾಗಿ ಹಬ್ಬ ಹರಿದಿನಾನೂ ಉರೀತಿರುತ್ತೆ. ನಾವು ರೇಟ್ ಜಾಸ್ತಿ ಅಂತ ಗೊಣಗ್ತೀವಲ್ಲ, ನನ್ನ ಪ್ರಕಾರ ಅದರಲ್ಲಿ ದೊಡ್ಡ ಪಾಲು ಈ ಬೆಂಕಿ ಖರ್ಚೇ. ಊದೋ ವಿದ್ಯೆ ಎರಡು ಸಾವಿರ ವರ್ಷ ಹಳೇದು, ಸಿರಿಯಾ ಪ್ಯಾಲೆಸ್ಟೈನ್ ಕಡೆ ಹುಟ್ಟಿದ್ದು, ಆದ್ರೆ ಒಬ್ಬ ಕಲಾವಿದ ಸ್ವಂತ ಶೆಡ್ಡಲ್ಲಿ ಸಣ್ಣ ಫರ್ನೇಸ್ ಇಟ್ಕೋಬಹುದು ಅನ್ನೋ ಚಳವಳಿ ಜೋರಾಗಿದ್ದು 1962ರಲ್ಲಿ ಅಮೆರಿಕದ ಟೊಲೆಡೊದಲ್ಲಿ ಹಾರ್ವೆ ಲಿಟಲ್ಟನ್ ಅನ್ನೋ ಕಲಾವಿದ ನಡೆಸಿದ ವರ್ಕ್‌ಶಾಪಿಂದ.

ಬಣ್ಣಕ್ಕೆ ಲೋಹಗಳು. ಚೂರೇ ಚೂರು ಕೋಬಾಲ್ಟ್ ಹಾಕಿದ್ರೆ ಕಡುನೀಲಿ. ಚಿನ್ನ ಹಾಕಿದ್ರೆ ಕೆಂಪು, ಅದೂ ಮೊದಲು ಬಣ್ಣಾನೇ ಕಾಣಲ್ಲ, ಮತ್ತೆ ಬಿಸಿ ಮಾಡಿದಾಗ ಚಿನ್ನದ ಪರಮಾಣುಗಳು ಒಟ್ಟುಗೂಡಿ ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳಾಗಿ ಕೆಂಪು ಏಳುತ್ತೆ. ಎರಡು ಬಣ್ಣದ ಗಾಜು ಬೆಸೆದ್ರೆ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು, ಇಲ್ಲ ಅಂದ್ರೆ ಗೂಡಲ್ಲಿ ಎಷ್ಟು ತಣಿಸಿದ್ರೂ ಬಿರುಕು ಗ್ಯಾರಂಟಿ.

ಈ ಜಗ್ಗಾಟ ಕಣ್ಣಿಗೆ ಕಾಣೋದೂ ಉಂಟು. ಎಲ್‌ಸಿಡಿ ಲ್ಯಾಪ್‌ಟಾಪಲ್ಲಿ ಬಿಳಿ ಸ್ಕ್ರೀನ್ ಹಾಕಿ ಮುಂದೆ ಗಾಜು ಹಿಡಿದು ಪೋಲರೈಸ್ಡ್ ಕನ್ನಡಕ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಮಾತ್ರ ಬಿಡೋ ಕೂಲಿಂಗ್ ಗ್ಲಾಸ್) ಹಾಕ್ಕೊಂಡು ನೋಡಿ, ಸ್ಕ್ರೀನ್ ಕಪ್ಪಾಗೋ ತನಕ ಕನ್ನಡಕ ತಿರುಗಿಸಿ. ಸರಿಯಾಗಿ ತಣಿದಿದ್ರೆ ಗಾಜೂ ಬಹುಪಾಲು ಕಪ್ಪಗೇ ಇರುತ್ತೆ, ಇಲ್ಲಾಂದ್ರೆ ಅಲ್ಲಲ್ಲಿ ಬೆಳಕಿನ ಪಟ್ಟೆ. ಪಟ್ಟೆ ಇಲ್ಲ ಅಂತ ಆ ಲೋಟಕ್ಕೆ ಬಿಸಿ ಫಿಲ್ಟರ್ ಕಾಫಿ ಸುರೀಬೇಡಿ ಮತ್ತೆ, ಬಿಸಿ ತಡ್ಕೊಳ್ಳೋ ಲ್ಯಾಬಿನ ಬೋರೋಸಿಲಿಕೇಟ್ ಗಾಜಿಗಿಂತ ಈ ಸೋಡಾ-ಸುಣ್ಣದ ಗಾಜು ಬಿಸಿಗೆ ಸುಮಾರು ಮೂರು ಪಟ್ಟು ಜಾಸ್ತಿ ಹಿಗ್ಗುತ್ತೆ, ಬಿರುಕು ಬಿಡಬಹುದು.