ಒಂದೇ ಸರ್ವರ್, ಮೂರು ಲೆಕ್ಕ: ಲಿನಕ್ಸ್‌ನಲ್ಲಿ ಮೆಮೊರಿ ಅಳೆಯುವ ಬಗೆ ಬದಲಾದದ್ದು ಹೇಗೆ

ಲಿನಕ್ಸ್ ಸರ್ವರ್‌ನಲ್ಲಿ ಎಷ್ಟು ಮೆಮೊರಿ ಖರ್ಚಾಗಿದೆ ಎಂದು ನೋಡಬೇಕಾದಾಗ ಹೆಚ್ಚಿನವರು ಮೊದಲು ಟೈಪಿಸುವುದು ‘ಫ್ರೀ’ ಎಂಬ ಕಮಾಂಡನ್ನು. ಅದು ‘ಯೂಸ್ಡ್’ ಕಾಲಂನಲ್ಲಿ ತೋರಿಸುವ ಅಂಕಿಯನ್ನು ಯಂತ್ರದ ಸ್ಥಿತಿಯಷ್ಟೇ ಅಲ್ಲ, ಕಮಾಂಡಿನ ಆವೃತ್ತಿಯೂ ನಿರ್ಧರಿಸುತ್ತದೆ ಎಂಬುದು ಮಾತ್ರ ಅನೇಕ ಆಡಳಿತಗಾರರ ಗಮನಕ್ಕೆ ಬಂದಿರುವುದಿಲ್ಲ.

ಗೊಂದಲದ ಮೂಲ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಂದು ಒಳ್ಳೆಯ ಅಭ್ಯಾಸದಲ್ಲಿದೆ. ಡಿಸ್ಕ್‌ನಿಂದ ಓದಿದ ಕಡತಗಳ ಪುಟಗಳನ್ನು ಲಿನಕ್ಸ್ ಕೂಡಲೇ ಬಿಸಾಡದೆ, ಖಾಲಿ ಬಿದ್ದಿರುವ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಕಡತ ಮತ್ತೆ ಬೇಕಾದರೆ ಡಿಸ್ಕ್‌ವರೆಗೆ ಹೋಗುವ ಕೆಲಸ ತಪ್ಪುತ್ತದೆ, ಯಾವುದಾದರೂ ಪ್ರೋಗ್ರಾಂ ಜಾಗ ಕೇಳಿದರೆ ಆ ಪುಟಗಳನ್ನು ಬಿಟ್ಟುಕೊಡುವುದೂ ಸುಲಭ. ಇದೇ ಪೇಜ್ ಕ್ಯಾಶ್. ಹಳೆಯ ‘ಫ್ರೀ’ ಈ ಕ್ಯಾಶನ್ನೂ ಬಳಕೆಯಾದ ಮೆಮೊರಿಯ ಖಾತೆಗೇ ಹಾಕುತ್ತಿದ್ದುದರಿಂದ, ಕೆಲವು ದಿನ ಓಡಿದ ಯಾವುದೇ ಸರ್ವರ್ ತುಂಬಿ ತುಳುಕುತ್ತಿರುವಂತೆ ಕಾಣುತ್ತಿತ್ತು. ಕ್ಯಾಶ್ ಕಳೆದ ಲೆಕ್ಕವನ್ನು ಎರಡನೆಯ ಸಾಲಿನಲ್ಲಿ ಕೊಡುತ್ತಿದ್ದರೂ ಅದನ್ನು ಓದುವವರು ಕಡಿಮೆ. 2006ರಲ್ಲಿ 2.6.16 ಕರ್ನಲ್‌ನೊಂದಿಗೆ ಬಂದ ಕ್ಯಾಶ್ ಖಾಲಿ ಮಾಡುವ ಸೌಲಭ್ಯವನ್ನು ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ವ್ಯವಸ್ಥೆ) ಮೂಲಕ ಗಂಟೆಗೊಮ್ಮೆ ಓಡಿಸಿ, ಅಂಕಿ ಇಳಿದದ್ದಕ್ಕೆ ಸಮಾಧಾನಪಟ್ಟವರೂ ಇದ್ದರು. ಅವರು ಮೆಮೊರಿ ಉಳಿಸಲಿಲ್ಲ, ಡಿಸ್ಕ್‌ಗೆ ಕೆಲಸ ಹೆಚ್ಚಿಸಿದರು, ಅಷ್ಟೇ.

ಹಾಗೆಂದು ‘ಖಾಲಿ ಇರುವುದು ಮತ್ತು ಕ್ಯಾಶ್ ಎರಡನ್ನೂ ಕೂಡಿಸಿಬಿಡಿ’ ಎಂಬ ಬಲ್ಲವರ ಸಲಹೆಯೂ ನಿರಪಾಯವಾಗಿರಲಿಲ್ಲ. ಕರ್ನಲ್ ತನ್ನ ‘ಮೆಮ್‌ಇನ್ಫೋ’ ಕಡತದಲ್ಲಿ ಕ್ಯಾಶ್ ಎಂದು ವರದಿ ಮಾಡುವುದೆಲ್ಲ ಬಿಟ್ಟುಕೊಡಬಲ್ಲ ಪುಟಗಳಲ್ಲ. ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಮೆಮೊರಿ ಮತ್ತು ಟೆಂಪ್‌ಎಫ್‌ಎಸ್‌ನಲ್ಲಿರುವ (ಮೆಮೊರಿಯಲ್ಲೇ ಇರುವ ಕಡತ ವ್ಯವಸ್ಥೆ) ಕಡತಗಳೂ ಅದೇ ಸಾಲಿನಲ್ಲಿ ಸೇರಿರುತ್ತವೆ. ಅವಕ್ಕೆ ಡಿಸ್ಕ್‌ನಲ್ಲಿ ಪ್ರತಿಯಿಲ್ಲದ ಕಾರಣ ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಸಾಗಿಸದೆ ಆ ಜಾಗ ತೆರವಾಗುವುದಿಲ್ಲ. ಇದನ್ನು ಗಮನಿಸಿದ ಕರ್ನಲ್ ಡೆವಲಪರ್ ರಿಕ್ ವಾನ್ ರೀಲ್, ಹೊಸ ಪ್ರೋಗ್ರಾಂಗಳಿಗೆ ಸ್ವಾಪ್ ಮುಟ್ಟದೆ ಎಷ್ಟು ಮೆಮೊರಿ ಸಿಕ್ಕೀತು ಎಂಬ ಅಂದಾಜನ್ನು ಕರ್ನಲ್ಲೇ ಹೇಳುವಂತೆ ಮಾಡಿದರು. ಇಂಥ ಕೂಡಿಸುವ ಲೆಕ್ಕ ಹತ್ತು ವರ್ಷ ಹಿಂದೆ ಸರಿಯಿತ್ತು, ಈಗ ತಪ್ಪುವುದು ಬಹುತೇಕ ಖಚಿತ ಎಂಬುದು ಅವರ ವಾದವಾಗಿತ್ತು. 2014ರ ಮಾರ್ಚ್‌ನಲ್ಲಿ ಬಂದ 3.14 ಕರ್ನಲ್‌ನಲ್ಲಿ ‘ಮೆಮ್‌ಅವೈಲಬಲ್’ ಎಂಬ ಸಾಲು ಸೇರಿದ್ದು ಹೀಗೆ. ಅದೇ ವರ್ಷ, ‘ಫ್ರೀ’ ಕಮಾಂಡ್ ಸೇರಿರುವ ಕಮಾಂಡ್‌ಗಳ ಸಂಗ್ರಹವಾದ ಪ್ರಾಕ್‌ಪಿಎಸ್-ಎನ್‌ಜಿಯ 3.3.10 ಆವೃತ್ತಿಯ ‘ಫ್ರೀ’ ಹಳೆಯ ಎರಡನೆಯ ಸಾಲನ್ನು ಕೈಬಿಟ್ಟು, ‘ಅವೈಲಬಲ್’ ಎಂಬ ಕಾಲಂ ತೆರೆಯಿತು; ‘ಯೂಸ್ಡ್’ ಅಂಕಿಯಿಂದ ಕ್ಯಾಶನ್ನು ಕಳೆಯಲೂ ಆರಂಭಿಸಿತು.

ಇಲ್ಲಿಗೆ ಸಮಸ್ಯೆ ಮುಗಿಯಬೇಕಿತ್ತು. ಮುಗಿಯಲಿಲ್ಲ ಏಕೆಂಬುದಕ್ಕೆ ಒಂದು ಕಲ್ಪಿತ ಸರ್ವರ್ ತೆಗೆದುಕೊಳ್ಳೋಣ: ಒಟ್ಟು ಮೆಮೊರಿ 16,384 ಎಂಬಿ, ಖಾಲಿ 500, ಬಫರ್ (ಡಿಸ್ಕ್ ಬ್ಲಾಕ್‌ಗಳಿಗೆ ಕರ್ನಲ್ ಇಟ್ಟುಕೊಳ್ಳುವ ಕ್ಯಾಶ್) 300, ಕ್ಯಾಶ್ 11,500. ಅದರಲ್ಲಿ ಓಡುತ್ತಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಹಂಚಿಕೆಯ ಬಫರ್‌ಗಳಿಗಾಗಿ 4,000 ಎಂಬಿ ಹಿಡಿದಿದೆ. ಆ ಮೊತ್ತ ಕ್ಯಾಶ್‌ನ 11,500ರೊಳಗೇ ಅಡಗಿದೆ. ಹಳೆಯ ‘ಫ್ರೀ’ ಇಲ್ಲಿ 15,884 ಎಂಬಿ ಬಳಕೆಯಾಗಿದೆ ಎನ್ನುತ್ತದೆ. 3.3.10 ಆವೃತ್ತಿ, ಕ್ಯಾಶ್ ಮತ್ತು ಬಫರ್ ಎರಡನ್ನೂ ಕಳೆದು, 4,084 ಎನ್ನುತ್ತದೆ. ಅಂದರೆ ಡೇಟಾಬೇಸ್ ಗಟ್ಟಿಯಾಗಿ ಹಿಡಿದಿರುವ ನಾಲ್ಕು ಸಾವಿರ ಎಂಬಿ ‘ಯೂಸ್ಡ್’ ಕಾಲಂನಿಂದಲೇ ಮಾಯವಾಗಿರುತ್ತದೆ. ನಾಲ್ಕನೆಯ ಸರಣಿಗೆ ಬಂದಾಗ ಪ್ರಾಕ್‌ಪಿಎಸ್-ಎನ್‌ಜಿ ಮತ್ತೆ ಸೂತ್ರ ಬದಲಿಸಿ, ಒಟ್ಟು ಮೊತ್ತದಿಂದ ಕರ್ನಲ್ ಹೇಳುವ ಲಭ್ಯ ಅಂದಾಜನ್ನು ನೇರವಾಗಿ ಕಳೆಯತೊಡಗಿತು. ಆ ಲೆಕ್ಕದಲ್ಲಿ ಇದೇ ಯಂತ್ರದ ಬಳಕೆ ಸುಮಾರು 8,200 ಎಂಬಿ. ಮೂರರಲ್ಲಿ ವಾಸ್ತವಕ್ಕೆ ಹತ್ತಿರವಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ, ಆದರೂ ಇದೂ ಅಂದಾಜೇ: ಕರ್ನಲ್ ತನ್ನ ಮೀಸಲನ್ನು ತೆಗೆದಿಟ್ಟು, ಕಡತಗಳ ಕ್ಯಾಶ್‌ನಲ್ಲಿ ಒಂದಿಷ್ಟು ಸದಾ ಬೇಕಾಗುತ್ತದೆಂದು ಊಹಿಸಿ, ಉಳಿದದ್ದನ್ನು ಲಭ್ಯವೆಂದು ಹೇಳುತ್ತದೆ.

ಕಂಟೇನರ್‌ಗಳ, ಅಂದರೆ ಒಂದೇ ಕರ್ನಲ್ ಮೇಲೆ ಪ್ರತ್ಯೇಕವಾಗಿ ಓಡುವ ಪ್ರಕ್ರಿಯೆಗಳ ಗುಂಪುಗಳ, ವಿಷಯ ಬೇರೆಯೇ. ಪ್ರಕ್ರಿಯೆಗಳ ಗುಂಪಿಗೆ ಮೆಮೊರಿ ಮಿತಿ ಹಾಕುವ ಸೌಲಭ್ಯ 2008ರಲ್ಲಿ 2.6.25 ಕರ್ನಲ್‌ಗೆ ಸೇರಿತು. ಆ ಕೆಲಸದ ಮುಂಚೂಣಿಯಲ್ಲಿ ಐಬಿಎಂನ ಬಲ್ಬೀರ್ ಸಿಂಗ್ ಇದ್ದರು. ಆದರೆ ‘ಮೆಮ್‌ಇನ್ಫೋ’ ಆ ಮಿತಿಯನ್ನು ಲೆಕ್ಕಿಸುವುದಿಲ್ಲ. 512 ಎಂಬಿ ಮಿತಿಯ ಕಂಟೇನರ್‌ನೊಳಗೆ ‘ಫ್ರೀ’ ಓಡಿಸಿದರೂ, ಮಿತಿಗೆ ತಕ್ಕ ಅಂಕಿ ತೋರಿಸುವ ಎಲ್‌ಎಕ್ಸ್‌ಸಿಎಫ್‌ಎಸ್‌ನಂಥ ಪರದೆ ನಡುವೆ ಇಲ್ಲದಿದ್ದರೆ, ಕಾಣುವುದು ಹೊರಗಿನ ಯಂತ್ರದ ಇಡೀ ಮೆಮೊರಿಯೇ.

ಎಷ್ಟು ಖಾಲಿ ಇದೆ ಎಂಬುದಕ್ಕಿಂತ, ಕೊರತೆಯಿಂದ ಕೆಲಸ ನಿಲ್ಲುತ್ತಿದೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ. ಫೇಸ್‌ಬುಕ್‌ನ ಯೋಹಾನೆಸ್ ವೈನರ್ ರೂಪಿಸಿದ ‘ಪ್ರೆಶರ್ ಸ್ಟಾಲ್’ ಮಾಹಿತಿ 2018ರ ಕೊನೆಯಲ್ಲಿ ಬಂದ 4.20 ಕರ್ನಲ್‌ನಿಂದ ಲಭ್ಯವಿದ್ದು, ಪ್ರಕ್ರಿಯೆಗಳು ಮೆಮೊರಿಗಾಗಿ ಕಾದು ಕಳೆದ ಸಮಯವನ್ನು ಶೇಕಡಾವಾರು ತೋರಿಸುತ್ತದೆ. ಅದಕ್ಕೂ ಹಳೆಯ ಕರ್ನಲ್ ಇದ್ದಲ್ಲಿ ‘ವಿಎಂಸ್ಟಾಟ್’ ಕಮಾಂಡಿನ ಸ್ವಾಪ್ ಕಾಲಂಗಳಲ್ಲಿ ಸೊನ್ನೆಯಲ್ಲದ ಅಂಕಿ ನಿರಂತರವಾಗಿ ಕಾಣುತ್ತಿದೆಯೇ ಎಂದು ನೋಡಬಹುದು.

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 11ನೇ ಆವೃತ್ತಿಯಲ್ಲಿ ಇರುವುದು ಪ್ರಾಕ್‌ಪಿಎಸ್-ಎನ್‌ಜಿ 3.3.17, ಡೆಬಿಯನ್ 12ರಲ್ಲಿ 4.0.2. ‘ಯೂಸ್ಡ್’ ಕಾಲಂ ಓದಿ ಗ್ರಾಫ್ ಬಿಡಿಸುವ ಸ್ಕ್ರಿಪ್ಟ್ ಇದ್ದವರಿಗೆ, ಅಪ್‌ಗ್ರೇಡ್ ಮಾಡಿದ ರಾತ್ರಿ ಗೆರೆ ಒಮ್ಮೆಲೇ ಮೇಲೇರಿದ್ದು ಕಂಡರೆ, ಮೆಮೊರಿ ಸೋರಿಕೆ ಹುಡುಕುವ ಮೊದಲು ಕಮಾಂಡಿನ ಆವೃತ್ತಿ ನೋಡಿಕೊಳ್ಳುವುದು ಒಳಿತು. ‘ಮೆಮ್‌ಅವೈಲಬಲ್’ ಸಾಲನ್ನೇ ನೇರವಾಗಿ ಓದುವ ಸ್ಕ್ರಿಪ್ಟ್‌ಗೆ ಈ ಏರಿಳಿತದ ತೊಂದರೆಯೇ ಇಲ್ಲ.