ತೋಕಾ ಎಬಿಸು: ಬಿದಿರು ಪುಕ್ಕಟೆ, ಹಾಗಾದರೆ ದುಡ್ಡು ಯಾತಕ್ಕೆ?

ಪ್ರಶ್ನೆ: ಜನವರಿಯಲ್ಲಿ ಒಸಾಕಾದ ಜನ ಅಲಂಕಾರ ಮಾಡಿದ ಬಿದಿರ ಕೊಂಬೆ ಹಿಡಿದು ಹೋಗುವ ಫೋಟೊ ನೋಡಿದೆ. ಅದೇನು ಹಬ್ಬ? ಕೊಂಬೆಯನ್ನು ಗುಡಿಯವರು ಸುಮ್ನೆ ಕೊಡ್ತಾರಾ, ದುಡ್ಡು ಕೊಟ್ಟು ತಗೋಬೇಕಾ?

ಕೊಂಬೆ ಸುಮ್ನೆ ಕೊಡುತ್ತಾರೆ. ಅದಕ್ಕೆ ಕಟ್ಟುವ ಅಲಂಕಾರದ ಗೊಂಚಲಿಗೆ ದುಡ್ಡು!

ಹಬ್ಬದ ಹೆಸರು ತೋಕಾ ಎಬಿಸು. ಜನವರಿ 9, 10 ಮತ್ತು 11, ಮೂರು ದಿನ ನಡೆಯುತ್ತದೆ. ಹೊಸ ವರ್ಷದಲ್ಲಿ ವ್ಯಾಪಾರ ಚೆನ್ನಾಗಿ ಆಗಲಿ ಎಂದು ಎಬಿಸು ದೇವರಿಗೆ ಕೈಮುಗಿಯುವ ಹಬ್ಬ ಇದು. ಒಸಾಕಾ, ಕೋಬೆ, ಕ್ಯೋಟೋ ಸುತ್ತಮುತ್ತ ಇದರ ಗದ್ದಲ ಜಾಸ್ತಿ. ಟೋಕಿಯೋದವರ ಇಂಥದೇ ಜಾತ್ರೆ ಬರುವುದು ನವೆಂಬರ್‌ನಲ್ಲಿ.

ಒಸಾಕಾದ ಇಮಾಮಿಯಾ ಎಬಿಸು ಗುಡಿಗೆ ಹೋದರೆ ಎಲೆ ತುಂಬಿದ ಬಿದಿರ ಕೊಂಬೆ ಕೈಗೆ ಕೊಡುತ್ತಾರೆ. ಅದರ ಹೆಸರು ಫುಕುಝಾಸಾ, ಅಂದರೆ ಅದೃಷ್ಟದ ಬಿದಿರು. ಮುಂದೆ ಚಿನ್ನದ ಬಣ್ಣದ ಟೋಪಿ ಹಾಕಿಕೊಂಡ ಹುಡುಗಿಯರು ನಿಂತಿರುತ್ತಾರೆ. ಸಾವಿರಾರು ಅರ್ಜಿಗಳಲ್ಲಿ ಆರಿಸಿ ಬಂದವರು ಅವರು. ಪುಟ್ಟ ಅಕ್ಕಿಮೂಟೆ, ಹಳೆ ಕಾಲದ ಚಿನ್ನದ ನಾಣ್ಯ, ಬೀಸಣಿಗೆ, ‘ತಾಯ್’ ಎಂಬ ಕೆಂಪು ಸಮುದ್ರ ಮೀನು, ಲೆಕ್ಕದ ಪುಸ್ತಕ, ಹೀಗೆ ಬೇಕಾದ್ದನ್ನು ಆರಿಸಿದರೆ ಕೊಂಬೆಗೆ ಕಟ್ಟಿಕೊಡುತ್ತಾರೆ. ಒಂದೊಂದಕ್ಕೂ ದರ ಇದೆ. ಬರೀ ಕೊಂಬೆ ಹಿಡಿದು ಮನೆಗೆ ಹೋಗೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ! ಇಷ್ಟೆಲ್ಲ ಆಗುವಾಗ ಧ್ವನಿವರ್ಧಕದಲ್ಲಿ ‘ಶೋಬಾಯ್ ಹಂಜೋ ದೆ ಸಾಸಾ ಮೊತ್ತೆ ಕೊಯ್’ ಎಂಬ ಕೂಗು ನಿಲ್ಲುವುದೇ ಇಲ್ಲ. ವ್ಯಾಪಾರ ಬೆಳೆಯಲಿ, ಬಿದಿರು ತನ್ನಿ ಅಂತ.

ಕೊಂಬೆಯನ್ನು ಅಂಗಡಿಯಲ್ಲಿ ವರ್ಷವಿಡೀ ಇಡುತ್ತಾರೆ. ಮುಂದಿನ ಜನವರಿಯಲ್ಲಿ ಅದನ್ನು ಗುಡಿಗೆ ಒಪ್ಪಿಸಿ ಹೊಸದು ತರಬೇಕು. ಅಂದರೆ ಗಿರಾಕಿ ತಪ್ಪದೆ ವಾಪಸ್ ಬರುತ್ತಾನೆ. ವ್ಯಾಪಾರದ ದೇವರಿಗೆ ವ್ಯಾಪಾರ ಗೊತ್ತಿಲ್ಲದೆ ಇರುತ್ತಾ? ಎಲ್ಲ ಕಡೆ ಮಾತ್ರ ಹೀಗಿಲ್ಲ. ಕ್ಯೋಟೋದ ಎಬಿಸು ಗುಡಿಯಲ್ಲಿ ಕೊಂಬೆಗೇ ದುಡ್ಡು ಕೊಡಬೇಕು.

ಬಿದಿರೇ ಯಾಕೆ? ಚಳಿಗಾಲದಲ್ಲೂ ಹಸಿರಾಗಿರುತ್ತೆ, ನೆಟ್ಟಗೆ ಬೆಳೆಯುತ್ತೆ, ಬಾಗಿದರೂ ಮುರಿಯುವುದಿಲ್ಲ.

ಎಬಿಸು ಮೊದಲಿಗೆ ಮೀನುಗಾರರ ದೇವರು. ಒಂದು ಕೈಯಲ್ಲಿ ಗಾಳದ ಕೋಲು, ಕಂಕುಳಲ್ಲಿ ತಾಯ್ ಮೀನು. ಇಮಾಮಿಯಾ ಹಿಂದೆ ಸಮುದ್ರ ದಡದ ಊರು. ಹಿಡಿದ ಮೀನು ಸಂತೆಗೆ ಬಂತು, ದೇವರು ಸಂತೆಗೂ ಕಾವಲಾದ. ಎಡೋ ಕಾಲದಲ್ಲಿ (17ರಿಂದ 19ನೇ ಶತಮಾನ) ಒಸಾಕಾ ದೊಡ್ಡ ವ್ಯಾಪಾರದ ಊರಾದಾಗ ವ್ಯಾಪಾರಿಗಳೆಲ್ಲ ಇವನನ್ನೇ ಹಿಡಿದುಕೊಂಡರು. ಜಪಾನಿನ ಏಳು ಅದೃಷ್ಟ ದೇವರಲ್ಲಿ ನಮ್ಮ ಸರಸ್ವತಿ ಬೆಂಝೈತೆನ್ ಆಗಿ, ಕುಬೇರ ಬಿಶಾಮೋನ್‌ತೆನ್ ಆಗಿ ಇದ್ದಾರೆ. ಎಬಿಸು ಮಾತ್ರ ಅಲ್ಲಿಯವನೇ. ಕುಬೇರನೇ ಕೈಗೆ ಸಿಗುವಾಗಲೂ ಒಸಾಕಾದವರು ಓಡುವುದು ಈ ಮೀನುಗಾರನ ಹತ್ತಿರ. ನನಗೆ ಇದು ತುಂಬಾ ಇಷ್ಟ.

ಇವನಿಗೆ ಕಿವಿ ಸ್ವಲ್ಪ ಮಂದ ಅಂತಾರೆ. ಅದಕ್ಕೇ ಎದುರಿಗೆ ಬೇಡಿಕೊಂಡು, ಆಮೇಲೆ ಗುಡಿಯ ಹಿಂದಕ್ಕೆ ಹೋಗಿ ಜಾಗಟೆ ಬಾರಿಸಿ ಇನ್ನೊಮ್ಮೆ ನೆನಪಿಸುತ್ತಾರೆ.

ಇದೇ ಹಬ್ಬದ ಓಟದ ಸ್ಪರ್ಧೆಯ ವಿಡಿಯೋ ನೋಡಿದ್ದೀರಾ? ಅದು ಒಸಾಕಾ ಮತ್ತು ಕೋಬೆ ನಡುವಿನ ನಿಶಿನೊಮಿಯಾ ಗುಡಿಯದು. 10ರ ಬೆಳಗ್ಗೆ 6 ಗಂಟೆಗೆ ಕೆಂಪು ಬಾಗಿಲು ತೆಗೆದ ಕೂಡಲೇ ಜನ ಸುಮಾರು 230 ಮೀಟರ್ ಓಡಿ ಗರ್ಭಗುಡಿ ಮುಟ್ಟಬೇಕು. ಮೊದಲ ಮೂವರು ಆ ವರ್ಷದ ‘ಫುಕು ಒತೊಕೊ’, ಅಂದರೆ ಅದೃಷ್ಟವಂತರು. ತಿರುವಿನಲ್ಲಿ ಬೀಳುವವರೇನೂ ಕಡಿಮೆ ಇಲ್ಲ. ಅದೇ ಗುಡಿಯಲ್ಲಿ ಒಂದು ದೊಡ್ಡ ಟ್ಯೂನಾ ಮೀನನ್ನೂ ಇಟ್ಟಿರುತ್ತಾರೆ. ಅದರ ಮೈಗೆ ನಾಣ್ಯ ಒತ್ತಿದಾಗ ಅಂಟಿಕೊಂಡರೆ ದುಡ್ಡು ಕೈಯಲ್ಲಿ ನಿಲ್ಲುತ್ತದೆ ಎಂದು ನಂಬಿಕೆ.

ಹೋಗುವ ಯೋಚನೆ ಇದ್ದರೆ, ಇಮಾಮಿಯಾದಲ್ಲಿ ಪಲ್ಲಕ್ಕಿ ಮೆರವಣಿಗೆ ಇರುವುದು 10ರಂದು. ಆ ದಿನ ನೂಕುನುಗ್ಗಲು. 11ಕ್ಕೆ ಹೋದರೂ ಉಳಿದ ಅದೃಷ್ಟ ಸಿಗುತ್ತದೆ ಅಂತಾರೆ ಅಲ್ಲಿಯವರು. ನಂಕಾಯ್ ರೈಲಿನ ಇಮಾಮಿಯಾ-ಎಬಿಸು ಸ್ಟೇಷನ್‌ನಲ್ಲಿ ಇಳಿದುಕೊಳ್ಳಿ, ಗುಡಿ ಪಕ್ಕದಲ್ಲೇ ಇದೆ.